ಸಂಶೋಧನೆಯ ಲೆಕ್ಕ ವರ್ಷಕ್ಕೊಮ್ಮೆ ನೆನಪಿನಿಂದ ಬರೆಯುವುದಲ್ಲ

ಮಾನ್ಯರೇ,

ರಾಜ್ಯದ ಯಾವುದಾದರೂ ಸರ್ಕಾರಿ ವಿಶ್ವವಿದ್ಯಾಲಯದ ಜಾಲತಾಣದಿಂದ ಎರಡು ಕಡತಗಳನ್ನು ಇಳಿಸಿಕೊಂಡು ಪಕ್ಕಪಕ್ಕ ಇಟ್ಟು ನೋಡಿ. ಒಂದು, ಕೇಂದ್ರ ಸರ್ಕಾರ ಶಿಕ್ಷಣ ಸಂಸ್ಥೆಗಳಿಗೆ ಕೊಡುವ ಎನ್‌ಐಆರ್‌ಎಫ್ ಶ್ರೇಯಾಂಕಕ್ಕೆ ಸಲ್ಲಿಸಿದ ಮಾಹಿತಿ. ಇನ್ನೊಂದು, ಸಂಸ್ಥೆಗಳ ಗುಣಮಟ್ಟ ಅಳೆದು ಮಾನ್ಯತೆ ನೀಡುವ ನ್ಯಾಕ್‌ಗೆ ಕೊಟ್ಟ ಸ್ವ-ಅಧ್ಯಯನ ವರದಿ. ಎರಡನ್ನೂ ಸಾರ್ವಜನಿಕರಿಗೆ ಸಿಗುವಂತೆ ಇಡಬೇಕು ಎಂಬ ನಿಯಮವಿದೆ. ಒಂದೇ ವರ್ಷದ ಸಂಶೋಧನಾ ಅನುದಾನ, ಪಿಎಚ್.ಡಿ. ಪಡೆದವರ ಸಂಖ್ಯೆ, ಪೂರ್ಣಾವಧಿ ಬೋಧಕರ ಸಂಖ್ಯೆ ಎಷ್ಟೋ ಕಡೆ ಈ ಎರಡು ಕಡತಗಳಲ್ಲಿ ಹೊಂದುವುದಿಲ್ಲ. ಅದೇ ವರ್ಷದ ವಾರ್ಷಿಕ ವರದಿಯನ್ನು ಮೂರನೆಯದಾಗಿ ತೆರೆದರೆ ಅಲ್ಲಿ ಇನ್ನೊಂದು ಅಂಕಿ. ಓದಿದವರು ‘ಸುಳ್ಳು ಲೆಕ್ಕ’ ಎಂದು ಕಡತ ಮುಚ್ಚುತ್ತಾರೆ.

ಸುಳ್ಳು ಇಲ್ಲವೇ ಇಲ್ಲ ಎಂದು ನಾವು ಹೇಳುತ್ತಿಲ್ಲ. ಎ++ ಎಂಬ ಅತ್ಯುನ್ನತ ಶ್ರೇಣಿಗಾಗಿ ಲಂಚ ಪಡೆದ ಆರೋಪದ ಮೇಲೆ ನ್ಯಾಕ್ ಪರಿಶೀಲನಾ ತಂಡದ ಸದಸ್ಯರನ್ನೇ ಸಿಬಿಐ 2025ರ ಫೆಬ್ರವರಿಯಲ್ಲಿ ಬಂಧಿಸಿದ್ದು ಎಲ್ಲರಿಗೂ ಗೊತ್ತಿದೆ. ಆದರೆ ಅಂಕಿ ತಪ್ಪುವುದಕ್ಕೆ ಮೋಸವೇ ಬೇಕಾಗಿಲ್ಲ. ವರ್ಷಕ್ಕೊಮ್ಮೆ, ಪೋರ್ಟಲ್ ಮುಚ್ಚುವ ಹತ್ತು ದಿನ ಮೊದಲು ವಿಭಾಗಗಳಿಗೆ ಎಕ್ಸೆಲ್ ಹಾಳೆ ಕಳಿಸಿ ‘ಕೂಡಲೇ ತುಂಬಿ ಕಳಿಸಿ’ ಎಂದರೆ ಪ್ರಾಮಾಣಿಕರು ತುಂಬಿದ ಹಾಳೆಯೂ ತಪ್ಪುತ್ತದೆ. ಎಲ್ಲಿ, ಹೇಗೆ ತಪ್ಪುತ್ತದೆ ಎಂಬುದನ್ನು ಒಂದಿಷ್ಟು ವಿವರವಾಗಿ ಬರೆಯುವುದು ಈ ಪತ್ರದ ಉದ್ದೇಶ. ಈ ಅಂಕಿಗಳ ಮೇಲೆ ಈಗ ದೊಡ್ಡ ಹಣ ನಿಂತಿದೆ.

ಹಣದ ಮಾತನ್ನೇ ಮೊದಲು ಹೇಳೋಣ. ರಾಜ್ಯಗಳ ಉನ್ನತ ಶಿಕ್ಷಣಕ್ಕೆ ನೆರವು ಕೊಡುವ ಕೇಂದ್ರದ ಪಿಎಂ-ಉಷಾ ಯೋಜನೆಯ ಗಾತ್ರ 2023-24ರಿಂದ ಮೂರು ವರ್ಷಕ್ಕೆ 12,926 ಕೋಟಿ ರೂಪಾಯಿ. ಇದರಲ್ಲಿ ಕೇಂದ್ರ ಮತ್ತು ರಾಜ್ಯದ ಪಾಲು ನಮ್ಮಂಥ ರಾಜ್ಯಗಳಿಗೆ 60:40. ಇದರಡಿ ಬಹುಶಿಸ್ತೀಯ ವಿಶ್ವವಿದ್ಯಾಲಯವಾಗಿ ಆಯ್ಕೆಯಾದರೆ ಒಂದೊಂದಕ್ಕೆ 100 ಕೋಟಿ. 2023ರ ಕಾಯ್ದೆಯಿಂದ ಹುಟ್ಟಿದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಮುಂಚೂಣಿಯ ಸಂಸ್ಥೆ ಉಳಿದವನ್ನು ಕೈಹಿಡಿದು ನಡೆಸುವ ತನ್ನ ‘ಪೇರ್’ ಕಾರ್ಯಕ್ರಮದಲ್ಲಿ ಯಾವ ಸಂಸ್ಥೆ ಕೇಂದ್ರವಾಗಬಹುದು, ಯಾವುದು ಅದರ ಕೊಂಡಿಯಾಗಬಹುದು ಎಂಬುದನ್ನು ಎನ್‌ಐಆರ್‌ಎಫ್ ಶ್ರೇಯಾಂಕ ನೋಡಿ ತೀರ್ಮಾನಿಸುತ್ತದೆ. ಯುಜಿಸಿಯ 2018ರ ನಿಯಮದಂತೆ ನ್ಯಾಕ್ ಅಂಕ ನಾಲ್ಕಕ್ಕೆ 3.51 ಅಥವಾ ಹೆಚ್ಚಿದ್ದರೆ ಒಂದು ಬಗೆಯ ಸ್ವಾಯತ್ತತೆ, 3.26ರಿಂದ 3.50ರ ನಡುವೆ ಇದ್ದರೆ ಇನ್ನೊಂದು ಬಗೆ. ವಿಶ್ವವಿದ್ಯಾಲಯಗಳ ಈವರೆಗಿನ ನ್ಯಾಕ್ ಮೌಲ್ಯಮಾಪನದ 1000 ಅಂಕದಲ್ಲಿ ಸಂಶೋಧನೆ ಮತ್ತು ವಿಸ್ತರಣೆಗೆ 250. ಎನ್‌ಐಆರ್‌ಎಫ್‌ನಲ್ಲಿ ಸಂಶೋಧನೆಯ ತೂಕ ಶೇ 30. ಹೀಗಿರುವಾಗ ಒಂದು ವಿಭಾಗ ತನ್ನ ಎಂಟು ಪ್ರಬಂಧಗಳನ್ನು ಪಟ್ಟಿಗೆ ಸೇರಿಸಲು ಮರೆತರೆ ಅದು ಗುಮಾಸ್ತರ ಮರೆವು ಎಂದು ಬಿಟ್ಟುಬಿಡುವ ಸಂಗತಿಯಲ್ಲ.

ಮೊದಲ ತೊಡಕು ‘ವರ್ಷ’ ಎಂಬ ಪದದ್ದೇ. ಅನುದಾನದ ವರ್ಷ ಏಪ್ರಿಲ್‌ನಿಂದ ಮಾರ್ಚ್. ಪ್ರಬಂಧ ಮತ್ತು ಪೇಟೆಂಟಿನ ವರ್ಷ ಜನವರಿಯಿಂದ ಡಿಸೆಂಬರ್. ವಿದ್ಯಾರ್ಥಿ ಮತ್ತು ಪಿಎಚ್.ಡಿ.ಗೆ ಶೈಕ್ಷಣಿಕ ವರ್ಷ. ಉನ್ನತ ಶಿಕ್ಷಣದ ಅಖಿಲ ಭಾರತ ಸಮೀಕ್ಷೆಗೆ ಸಾಮಾನ್ಯವಾಗಿ ಸೆಪ್ಟೆಂಬರ್ 30ರಂದು ಇದ್ದ ಸ್ಥಿತಿ. ನಾಲ್ಕು ಗಡಿಯಾರಗಳಿರುವ ಕೋಣೆಯಲ್ಲಿ ಕೂತ ಅತಿಥಿ ಉಪನ್ಯಾಸಕರೊಬ್ಬರಿಗೆ ‘2022-23ರ ಮಾಹಿತಿ ಕೊಡಿ’ ಎಂದರೆ ಅವರು ಯಾವುದನ್ನು ನೋಡಬೇಕು?

ಒಂದು ಪ್ರಬಂಧವನ್ನು ಕೈಗೆತ್ತಿಕೊಳ್ಳಿ. 2022ರ ಡಿಸೆಂಬರ್ 14ರಂದು ಆನ್‌ಲೈನ್‌ನಲ್ಲಿ ಪ್ರಕಟವಾಯಿತು, ಪ್ರಬಂಧದ ಕಾಯಂ ಗುರುತಾದ ಡಿಒಐ ಸಂಖ್ಯೆ ಅಂದೇ ಸಿಕ್ಕಿತು. ಸಂಪುಟ ಮತ್ತು ಪುಟಸಂಖ್ಯೆ ಸಿಕ್ಕಿದ್ದು 2023ರ ಮಾರ್ಚ್ ಸಂಚಿಕೆಯಲ್ಲಿ. ಬರೆದವರು ಡಿಸೆಂಬರ್‌ನಲ್ಲೇ ಸಂಭ್ರಮದಿಂದ ವಿಭಾಗಕ್ಕೆ ತಿಳಿಸಿದ್ದರು, ಹಾಗಾಗಿ 2022ರ ಪಟ್ಟಿಯಲ್ಲಿ ಅದಿದೆ. ಮರುವರ್ಷ ಹೊಸ ಸಂಯೋಜಕರು ಮುದ್ರಿತ ಸಂಚಿಕೆಯ ದಿನಾಂಕ ನೋಡಿ 2023ರ ಪಟ್ಟಿಗೂ ಸೇರಿಸಿದರು. ಇಬ್ಬರೂ ತಪ್ಪು ಮಾಡಿಲ್ಲ, ಪ್ರಬಂಧ ಮಾತ್ರ ಎರಡಾಯಿತು. ಆ ಪ್ರಬಂಧಕ್ಕೆ ನಾಲ್ವರು ಲೇಖಕರು, ಇಬ್ಬರು ರಸಾಯನಶಾಸ್ತ್ರ ವಿಭಾಗದವರು, ಇಬ್ಬರು ಭೌತಶಾಸ್ತ್ರದವರು ಎಂದಾದರೆ ಎರಡೂ ವಿಭಾಗಗಳ ಹಾಳೆಯಲ್ಲಿ ಅದು ಬರುತ್ತದೆ. ಕೆಲವೊಮ್ಮೆ ನಾಲ್ವರ ವೈಯಕ್ತಿಕ ಪಟ್ಟಿಯನ್ನೂ ಕೂಡಿಸಿ ನಾಲ್ಕಾಗುತ್ತದೆ. ಕೇಂದ್ರ ಕಚೇರಿಯಲ್ಲಿ ಎಲ್ಲ ಹಾಳೆಗಳನ್ನು ಒಂದರ ಕೆಳಗೊಂದು ಅಂಟಿಸಿ ‘ಒಟ್ಟು’ ಎಂದು ಬರೆದರೆ ಮುಗಿಯಿತು.

ಇದಕ್ಕೆ ಮದ್ದು ಇದೆ, ಕಷ್ಟದ್ದೂ ಅಲ್ಲ. ಹಾಳೆಯ ಮೊದಲ ಕಾಲಂ ಲೇಖಕರ ಹೆಸರಾಗಿರದೆ ಡಿಒಐ ಆಗಿರಬೇಕು. ಶೀರ್ಷಿಕೆಯಿಂದ ಹೊಂದಿಸಹೊರಟರೆ ಕೋಲನ್, ಅಡ್ಡಗೆರೆ, ಗ್ರೀಕ್ ಅಕ್ಷರಗಳಲ್ಲೇ ಎಡವುತ್ತೇವೆ. ಡಿಒಐ ‘10.’ ಎಂದು ಶುರುವಾಗುವ ಭಾಗದಿಂದ ಮಾತ್ರ ಇರಬೇಕು. ಮುಂದೆ ಜಾಲವಿಳಾಸ ಸೇರಿಕೊಂಡರೆ ಒಂದೇ ಪ್ರಬಂಧ ಎರಡು ಸಾಲಾಗುತ್ತದೆ. ಎಲ್ಲವನ್ನೂ ಸಣ್ಣಕ್ಷರಕ್ಕೆ ತಿರುಗಿಸಿ, ಕೊನೆಯ ಚುಕ್ಕೆ ಮತ್ತು ಖಾಲಿ ಜಾಗ ಅಳಿಸಿ, ಆಮೇಲೆ ನಕಲು ಸಾಲುಗಳನ್ನು ತೆಗೆಯಬೇಕು. ಆನ್‌ಲೈನ್ ದಿನಾಂಕ, ಸಂಚಿಕೆಯ ದಿನಾಂಕ ಎರಡಕ್ಕೂ ಬೇರೆಬೇರೆ ಕಾಲಂ ಬೇಕು. ಎಣಿಕೆಗೆ ಯಾವುದನ್ನು ಹಿಡಿಯುತ್ತೇವೆ ಎಂದು ಒಮ್ಮೆ ನಿಶ್ಚಯಿಸಿದರೆ ಐದು ವರ್ಷವೂ ಅದೇ ಇರಬೇಕು. ವಿಭಾಗವಾರು ಎಣಿಕೆಯ ಮೊತ್ತ ವಿಶ್ವವಿದ್ಯಾಲಯದ ಎಣಿಕೆಗಿಂತ ಹೆಚ್ಚಿರುವುದು ಸಹಜ, ಅದರಲ್ಲಿ ತಪ್ಪಿಲ್ಲ. ಆದರೆ ಆ ಎರಡು ಅಂಕಿಗಳು ಬೇರೆಬೇರೆ ಎಂಬುದು ವರದಿಗೆ ಸಹಿ ಹಾಕುವವರಿಗೆ ಗೊತ್ತಿರಬೇಕು.

ಎರಡನೆಯ ತೊಡಕು ವಿಳಾಸದ್ದು. ಇದು ಬೆಂಗಳೂರಿಗೆ ವಿಶೇಷವಾಗಿ ತಟ್ಟಿದೆ. ಎನ್‌ಐಆರ್‌ಎಫ್ ಪ್ರಬಂಧಗಳ ಸಂಖ್ಯೆಯನ್ನು ವಿಶ್ವವಿದ್ಯಾಲಯದಿಂದ ಕೇಳಿ ಪಡೆಯುವುದಿಲ್ಲ. ಸಂಶೋಧನಾ ಪ್ರಬಂಧಗಳನ್ನು ಪಟ್ಟಿ ಮಾಡುವ ಸ್ಕೋಪಸ್ ಮತ್ತು ವೆಬ್ ಆಫ್ ಸೈನ್ಸ್ ದತ್ತಕೋಶಗಳಿಂದ ತಾನೇ ತೆಗೆದುಕೊಳ್ಳುತ್ತದೆ. ಅಲ್ಲಿ ಎಣಿಕೆ ನಡೆಯುವುದು ಪ್ರಬಂಧದಲ್ಲಿ ಲೇಖಕರ ಹೆಸರಿನ ಕೆಳಗೆ ಅಚ್ಚಾದ ಸಂಸ್ಥೆಯ ಹೆಸರಿನ ಮೇಲೆ. ಈಗ ನಮ್ಮ ಊರಿನ ಕಥೆ ನೋಡಿ. 1964ರಲ್ಲಿ ಬ್ಯಾಂಗಲೋರ್ ಯೂನಿವರ್ಸಿಟಿ ಶುರುವಾಯಿತು. 2014ರ ನವೆಂಬರ್ 1ರಂದು ಇಂಗ್ಲಿಷಿನಲ್ಲೂ ಊರು ‘ಬೆಂಗಳೂರು’ ಆಯಿತು. 2017ರಲ್ಲಿ ವಿಶ್ವವಿದ್ಯಾಲಯ ಮೂರಾಗಿ ಒಡೆದು, ಸೆಂಟ್ರಲ್ ಕಾಲೇಜು ಆವರಣ ಹೊಸ ವಿಶ್ವವಿದ್ಯಾಲಯದ ಪಾಲಾಯಿತು. ಆ ಹೊಸ ವಿಶ್ವವಿದ್ಯಾಲಯಕ್ಕೆ ಮೊದಲು ಬೆಂಗಳೂರು ಕೇಂದ್ರ ಎಂಬ ಹೆಸರು, ಆಮೇಲೆ ಬೆಂಗಳೂರು ನಗರ. 2025ರಲ್ಲಿ ಅದಕ್ಕೆ ಡಾ. ಮನಮೋಹನ್ ಸಿಂಗ್ ಅವರ ಹೆಸರಿಡಲು ಸಚಿವ ಸಂಪುಟ ನಿರ್ಧರಿಸಿತು. ಕೆ.ಆರ್. ವೃತ್ತದ ಯುವಿಸಿಇ ದಶಕಗಳ ಕಾಲ ಬೆಂಗಳೂರು ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಕಾಲೇಜಾಗಿದ್ದು, 2022ರಿಂದ ತಾನೇ ಒಂದು ವಿಶ್ವವಿದ್ಯಾಲಯ. ಈ ಒಂದೊಂದು ಬದಲಾವಣೆಗೂ ಸರ್ಕಾರಕ್ಕೆ ಅದರದರ ಕಾರಣ ಇದ್ದೀತು. ದತ್ತಕೋಶದಲ್ಲಿ ಮಾತ್ರ ಹಳೆಯ ಹೆಸರಿಗೊಂದು ಗುರುತುಸಂಖ್ಯೆ, ಹೊಸ ಹೆಸರಿಗೊಂದು, ‘ಜ್ಞಾನಭಾರತಿ ಕ್ಯಾಂಪಸ್’ ಎಂದಷ್ಟೇ ಬರೆದವರಿಗೆ ಮತ್ತೊಂದು. ಒಡೆಯುವ ಮೊದಲು ಕಳಿಸಿ ಒಡೆದ ಮೇಲೆ ಪ್ರಕಟವಾದ ಪ್ರಬಂಧ ಯಾರದ್ದು ಎಂಬ ಪ್ರಶ್ನೆಗೆ ಯಂತ್ರ ಕೊಡುವ ಉತ್ತರ ಒಂದೇ: ಅಚ್ಚಾದ ಹೆಸರಿನವರದ್ದು.

ಲೇಖಕರ ಹೆಸರಿಗೂ ಇದೇ ಗತಿ. ನಮ್ಮಲ್ಲಿ ಊರಿನ ಹೆಸರು, ತಂದೆಯ ಹೆಸರು, ಸ್ವಂತ ಹೆಸರು ಎಂಬ ಕ್ರಮ. ಒಂದು ಪ್ರಬಂಧದಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ, ಮೂರನೆಯದರಲ್ಲಿ ಇನಿಷಿಯಲ್ ಬಿಡಿಸಿ ಊರಿನ ಹೆಸರೇ ಅಡ್ಡಹೆಸರಾಗಿ ಕೂತಿರುತ್ತದೆ. ಒಬ್ಬರೇ ಪ್ರಾಧ್ಯಾಪಕರು ದತ್ತಕೋಶದಲ್ಲಿ ಮೂವರಾಗಿ, ಮೂವರಿಗೂ ಸಣ್ಣ ಸಣ್ಣ ಎಚ್-ಸೂಚ್ಯಂಕ (ಪ್ರಬಂಧ ಮತ್ತು ಅವುಗಳ ಉಲ್ಲೇಖದ ಅಳತೆ). ಸಂಶೋಧಕರೊಬ್ಬರಿಗೆ ಒಂದರಂತೆ ಹದಿನಾರು ಅಂಕಿಯ ಓರ್ಕಿಡ್ ಗುರುತು ಇರುವುದೇ ಇದಕ್ಕಾಗಿ. ಅದನ್ನು ಮಾಡಿಸಿಕೊಳ್ಳಲು ಕಾಸು ಖರ್ಚಿಲ್ಲ. ಸೇವೆಗೆ ಸೇರುವ ದಿನ ಹಾಜರಾತಿ ಪತ್ರದ ಜೊತೆಗೇ ಇದನ್ನೂ ತೆಗೆದುಕೊಂಡರೆ ಸಾಕು. ಹಾಗೆಯೇ ಕುಲಸಚಿವರು ಒಂದು ಸುತ್ತೋಲೆ ಹೊರಡಿಸಿ, ವಿಭಾಗ, ವಿಶ್ವವಿದ್ಯಾಲಯ, ಬೆಂಗಳೂರು 560056 ಎಂಬಂತೆ ಇಂಗ್ಲಿಷಿನಲ್ಲಿ ಅಕ್ಷರಕ್ಷರವೂ ಒಂದೇ ರೀತಿ ಇರುವ ವಿಳಾಸದ ಸಾಲನ್ನು ಎಲ್ಲ ಸಂಶೋಧನಾರ್ಥಿಗಳಿಗೂ ಕೊಡಬೇಕು. ಪ್ರಬಂಧ ಅಚ್ಚಾದ ಮೇಲೆ ತಿದ್ದುವುದು ತಿಂಗಳುಗಟ್ಟಲೆ ಕೆಲಸ. ಗ್ರಂಥಾಲಯದ ಒಬ್ಬರು ಪ್ರತಿ ತಿಂಗಳು ದತ್ತಕೋಶದಲ್ಲಿ ವಿಶ್ವವಿದ್ಯಾಲಯದ ಹೆಸರಿನ ಎಲ್ಲ ರೂಪಗಳನ್ನೂ ಹುಡುಕಿ, ಚದುರಿದ ಗುರುತುಗಳನ್ನು ಒಂದಾಗಿಸಲು ಬರೆಯುತ್ತಿರಬೇಕು. ಗ್ರಂಥಪಾಲಕರ ಹುದ್ದೆಗಳನ್ನು ಖಾಲಿ ಬಿಟ್ಟ ಕಡೆ ಈ ಕೆಲಸಕ್ಕೆ ಯಾರೂ ಇಲ್ಲ.

ಇನ್ನು ಹಣದ ಕಾಲಂ. ಮೂರು ವರ್ಷಕ್ಕೆ 36 ಲಕ್ಷ ರೂಪಾಯಿಯ ಯೋಜನೆಯೊಂದು 2022ರ ಮಾರ್ಚ್‌ನಲ್ಲಿ ಮಂಜೂರಾಗಿ, ಮೊದಲ ಕಂತು 14 ಲಕ್ಷ ಮೇ ತಿಂಗಳಲ್ಲಿ ಖಾತೆಗೆ ಬಂದಿತು ಎಂದುಕೊಳ್ಳಿ. ಮಂಜೂರಾತಿ ನೋಡಿದರೆ 2021-22ಕ್ಕೆ 36 ಲಕ್ಷ. ಜಮೆ ನೋಡಿದರೆ ಆ ವರ್ಷ ಸೊನ್ನೆ, ಮುಂದಿನ ವರ್ಷ 14 ಲಕ್ಷ. ಎನ್‌ಐಆರ್‌ಎಫ್ ಕೇಳುವುದು ಆ ವರ್ಷ ಸ್ವೀಕರಿಸಿದ ಮೊತ್ತ, ಅದೂ ರೂಪಾಯಿಗಳಲ್ಲಿ, ಅಕ್ಷರಗಳಲ್ಲೂ ಬರೆದು. ನ್ಯಾಕ್ ಕೇಳುವುದು ಲಕ್ಷಗಳಲ್ಲಿ, ಮಂಜೂರಾತಿ ಪತ್ರದ ಪ್ರತಿಯೊಂದಿಗೆ. 38.5 ಎಂದಿರಬೇಕಾದ ಕಡೆ 3850000 ಬಿದ್ದರೆ, ಅಥವಾ ಅದರ ತಿರುಗುಮುರುಗಾದರೆ, ಆ ಒಂದು ಮನೆಯಿಂದ ಇಡೀ ವರದಿಯ ಮೇಲಿನ ನಂಬಿಕೆ ಹೋಗುತ್ತದೆ. ಮೂರು ಸಂಸ್ಥೆಗಳು ಸೇರಿ ಪಡೆದ 1.2 ಕೋಟಿಯ ಯೋಜನೆಯನ್ನು ಮೂರೂ ಸಂಸ್ಥೆಗಳು ಪೂರ್ತಿಯಾಗಿ ತಮ್ಮದೆಂದು ಬರೆದುಕೊಂಡರೆ ದೇಶದ ಲೆಕ್ಕದಲ್ಲಿ ಅದು 3.6 ಕೋಟಿ. ಸಲಹಾ ಸೇವೆಯ ಬಿಲ್ಲು 11.8 ಲಕ್ಷ ಎಂದರೆ ಅದರಲ್ಲಿ 1.8 ಲಕ್ಷ ಜಿಎಸ್‌ಟಿ. ವಿಶ್ವವಿದ್ಯಾಲಯದ ಆದಾಯ 10 ಲಕ್ಷವೇ. ಸಂಶೋಧನಾರ್ಥಿಗಳ ಫೆಲೋಶಿಪ್ ಯೋಜನಾ ಅನುದಾನವಲ್ಲ, ವಿಚಾರಸಂಕಿರಣಕ್ಕೆ ಬಂದ ಹಣವೂ ಅಲ್ಲ. ಆದರೆ ಎರಡೂ ಆ ಕಾಲಂಗೆ ನುಸುಳುತ್ತವೆ.

ಈ ಗೊಂದಲಕ್ಕೆ ಉತ್ತರ ವಿಶ್ವವಿದ್ಯಾಲಯದ ಒಳಗೇ ಇದೆ. ಕೇಂದ್ರದ ಪ್ರತಿ ಅನುದಾನಕ್ಕೂ ಹಣಕಾಸು ನಿಯಮಾವಳಿಯ 12-ಎ ನಮೂನೆಯಲ್ಲಿ ಬಳಕೆ ಪ್ರಮಾಣಪತ್ರ ಕೊಡಲೇಬೇಕು. ಹಿಂದಿನ ಉಳಿಕೆ, ಬಂದ ಬಡ್ಡಿ, ಮರಳಿಸಿದ ಬಡ್ಡಿ, ಈ ವರ್ಷ ಬಂದ ಕಂತು, ಖರ್ಚು, ಕೊನೆಯ ಉಳಿಕೆ ಎಲ್ಲವೂ ಅದರಲ್ಲಿರುತ್ತದೆ. ಸಂಸ್ಥೆಯ ಮುಖ್ಯಸ್ಥರೂ ಹಣಕಾಸು ಅಧಿಕಾರಿಯೂ ಸಹಿ ಹಾಕಿರುತ್ತಾರೆ. ಇಷ್ಟು ಗಟ್ಟಿ ದಾಖಲೆ ಹಣಕಾಸು ವಿಭಾಗದ ಕಪಾಟಿನಲ್ಲಿರುವಾಗ, ಈ ವರದಿಗಳನ್ನು ಸಿದ್ಧಪಡಿಸುವ ಗುಣಮಟ್ಟ ಭರವಸೆ ಘಟಕದವರು ಅದೇ ಅಂಕಿಯನ್ನು ಪ್ರಾಧ್ಯಾಪಕರಿಗೆ ಫೋನ್ ಮಾಡಿ ಕೇಳುತ್ತಾರೆ. ನೆನಪಿನಿಂದ ಸಿಗುವ ಉತ್ತರ ಬಹುಪಾಲು ಮಂಜೂರಾದ ಮೊತ್ತ, ಅದೂ ದುಂಡಗೆ. ಹಣಕಾಸು ಅಧಿಕಾರಿ ಸಹಿ ಮಾಡದ ಒಂದು ರೂಪಾಯಿಯೂ ಸಂಶೋಧನಾ ಅನುದಾನದ ಕಾಲಂಗೆ ಹೋಗಬಾರದು ಎಂಬ ಒಂದೇ ನಿಯಮ ಈ ಕಾಲಂನ ಬಹುತೇಕ ತಪ್ಪನ್ನು ತೆಗೆಯುತ್ತದೆ.

ಭಾಜಕದ ವಿಷಯ ಇನ್ನೂ ಸೂಕ್ಷ್ಮ. ನಮಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಡುವುದೂ ಇದೇ. ನ್ಯಾಕ್‌ನಲ್ಲಿ ಪ್ರಕಟಣೆಯನ್ನು ಪೂರ್ಣಾವಧಿ ಬೋಧಕರ ಸಂಖ್ಯೆಯಿಂದ ಭಾಗಿಸುತ್ತಾರೆ. ಹುದ್ದೆಗಳು ಖಾಲಿ ಬಿದ್ದಷ್ಟೂ ತಲಾ ಪ್ರಬಂಧ ಹೆಚ್ಚಾಗಿ ಕಾಣುತ್ತದೆ. ಎನ್‌ಐಆರ್‌ಎಫ್ ಹಾಗೆ ಬಿಡುವುದಿಲ್ಲ. ಇರುವ ಬೋಧಕರ ಸಂಖ್ಯೆ, ವಿದ್ಯಾರ್ಥಿಗಳ ಸಂಖ್ಯೆಗೆ ತಕ್ಕಂತೆ ಇರಬೇಕಾದ ಬೋಧಕರ ಸಂಖ್ಯೆ, ಇವೆರಡರಲ್ಲಿ ದೊಡ್ಡದನ್ನು ಹಿಡಿದು ಭಾಗಿಸುತ್ತದೆ. 3,000 ವಿದ್ಯಾರ್ಥಿಗಳಿಗೆ 15ಕ್ಕೊಬ್ಬರಂತೆ 200 ಬೋಧಕರು ಬೇಕು, ಇರುವವರು 110, ಪ್ರಬಂಧಗಳು 330 ಎಂದಿಟ್ಟುಕೊಳ್ಳಿ. ಒಂದು ಲೆಕ್ಕದಲ್ಲಿ ತಲಾ 3, ಇನ್ನೊಂದರಲ್ಲಿ 1.65. ಎರಡೂ ಸರಿ. ಆ 110 ಜನ ಇಲ್ಲದ 90 ಜನರ ಪಾಠವನ್ನೂ ಹೊತ್ತುಕೊಂಡು ಬರೆದ ಪ್ರಬಂಧಗಳು ಅವು. ಆದರೆ ಶ್ರೇಯಾಂಕದ ಪಟ್ಟಿಯಲ್ಲಿ ಕಾಣುವುದು ಅವರ ಸೋಮಾರಿತನ ಎಂಬಂತೆ. ಹುದ್ದೆ ತುಂಬದಿದ್ದವರು ಯಾರು ಎಂಬ ಕಾಲಂ ಯಾವ ಟೆಂಪ್ಲೇಟಿನಲ್ಲೂ ಇಲ್ಲ. ಶ್ರೇಯಾಂಕ ಕುಸಿದಾಗ ವಿಧಾನಸೌಧದಿಂದ ವಿಶ್ವವಿದ್ಯಾಲಯಕ್ಕೆ ಬರುವ ವಿವರಣೆ ಕೋರುವ ಪತ್ರದ ಜೊತೆ ಮಂಜೂರಾದ ಮತ್ತು ಭರ್ತಿಯಾದ ಹುದ್ದೆಗಳ ಪಟ್ಟಿಯೂ ಇರಬೇಕು. ಅದಿಲ್ಲದೆ ಕೇಳುವ ವಿವರಣೆ ನ್ಯಾಯದ್ದಲ್ಲ.

ಭಾಜಕವನ್ನೇ ಬೇಕಾದಂತೆ ಎಳೆಯುವುದೂ ನಡೆಯುತ್ತದೆ. ವಿದ್ಯಾರ್ಥಿ–ಬೋಧಕ ಅನುಪಾತ ತೋರಿಸುವಾಗ ಅತಿಥಿ ಉಪನ್ಯಾಸಕರು ಬೋಧಕರು. ತಲಾ ಪ್ರಬಂಧ ತೋರಿಸುವಾಗ ಅವರು ಲೆಕ್ಕಕ್ಕಿಲ್ಲ. ಅವರು ಬರೆದ ಪ್ರಬಂಧ ಮಾತ್ರ ಮೇಲಿನ ಅಂಕಿಯಲ್ಲಿ ಸೇರಿರುತ್ತದೆ. ಇದು ಸ್ಪಷ್ಟವಾಗಿ ತಪ್ಪು. ಒಂದೇ ವರದಿಯ ಎರಡು ಪುಟಗಳಲ್ಲಿ ಬೋಧಕರ ಸಂಖ್ಯೆ ಎರಡು ಬಗೆ ಇದ್ದರೆ ನ್ಯಾಕ್‌ನ ದತ್ತಾಂಶ ಪರಿಶೀಲಕರು ಅದನ್ನು ಹಿಡಿಯುತ್ತಾರೆ, ಹಿಡಿಯಲೂಬೇಕು.

ಪಿಎಚ್.ಡಿ. ಎಣಿಕೆ ಸರಳ ಅನ್ನಿಸುತ್ತದೆ. ಮೌಖಿಕ ಪರೀಕ್ಷೆ ಡಿಸೆಂಬರ್‌ನಲ್ಲಿ, ಸಿಂಡಿಕೇಟ್ ಒಪ್ಪಿಗೆ ಮತ್ತು ಅಧಿಸೂಚನೆ ಫೆಬ್ರವರಿಯಲ್ಲಿ, ಘಟಿಕೋತ್ಸವ ಮುಂದಿನ ಶೈಕ್ಷಣಿಕ ವರ್ಷದಲ್ಲಿ. ವಿಭಾಗ ಮೊದಲನೆಯದನ್ನು, ಪರೀಕ್ಷಾಂಗ ಎರಡನೆಯದನ್ನು, ವಾರ್ಷಿಕ ವರದಿ ಮೂರನೆಯದನ್ನು ಹಿಡಿಯುತ್ತದೆ. ಅಧಿಸೂಚನೆಯ ದಿನವೇ ಪ್ರಮಾಣ ಎಂದು ಹಿಡಿದು, ಅದೇ ಪಟ್ಟಿಯನ್ನು ಪಿಎಚ್.ಡಿ. ಮಹಾಪ್ರಬಂಧಗಳ ರಾಷ್ಟ್ರೀಯ ಜಾಲಭಂಡಾರವಾದ ಶೋಧಗಂಗಾಕ್ಕೆ ಏರಿಸಿದ ಮಹಾಪ್ರಬಂಧಗಳ ಪಟ್ಟಿಯೊಂದಿಗೆ ತಾಳೆ ನೋಡಿದರೆ ಎರಡೂ ಕಡೆಯ ಬಾಕಿ ಒಟ್ಟಿಗೆ ಗೊತ್ತಾಗುತ್ತದೆ.

ಪೇಟೆಂಟಿನ ಕಾಲಂ ಬಗ್ಗೆ ಖಡಾಖಂಡಿತವಾಗಿ ಹೇಳಬೇಕಾಗಿದೆ. ಪೇಟೆಂಟ್ ಅರ್ಜಿ ಸಲ್ಲಿಸಿದರೆ ಅದು ಸಾಮಾನ್ಯವಾಗಿ 18 ತಿಂಗಳ ಮೇಲೆ ಪೇಟೆಂಟ್ ಜರ್ನಲ್‌ನಲ್ಲಿ ಪ್ರಕಟವಾಗುತ್ತದೆ. ನಮೂನೆ 9ರಲ್ಲಿ ಕೋರಿಕೆ ಸಲ್ಲಿಸಿದರೆ ಸುಮಾರು ಒಂದು ತಿಂಗಳಲ್ಲೇ ಪ್ರಕಟವಾಗುತ್ತದೆ. ಶಿಕ್ಷಣ ಸಂಸ್ಥೆಗೆ ಅದರ ಶುಲ್ಕ 2,500 ರೂಪಾಯಿ. ಪ್ರಕಟವಾಯಿತು ಎಂದರೆ ಯಾರಾದರೂ ಪರೀಕ್ಷಿಸಿ ಒಪ್ಪಿದರು ಎಂದಲ್ಲ, ಅರ್ಜಿ ಲೋಕಕ್ಕೆ ಕಾಣಿಸಿತು ಎಂದಷ್ಟೇ. ಪರೀಕ್ಷೆಗೆ ನಮೂನೆ 18ರಲ್ಲಿ ಬೇರೆ ಕೋರಿಕೆ ಬೇಕು. 2024ರ ತಿದ್ದುಪಡಿಯ ನಂತರ ಅದಕ್ಕೆ ಗಡುವು 31 ತಿಂಗಳು. ಸಲ್ಲಿಸದಿದ್ದರೆ ಅರ್ಜಿ ಹಿಂತೆಗೆದಂತೆಯೇ. ಶ್ರೇಯಾಂಕದಲ್ಲಿ ‘ಪ್ರಕಟಿತ’ ಎಂಬುದಕ್ಕೂ ಅಂಕ ಇರುವುದರಿಂದ, ಪರೀಕ್ಷೆಗೆ ಎಂದೂ ಕೋರದ ಅರ್ಜಿಗಳನ್ನು ರಾಶಿ ಹಾಕುವ ಚಾಳಿ ಬೆಳೆದಿದೆ. ಹೊರದೇಶದಲ್ಲಿ ಅಗ್ಗಕ್ಕೆ ಸಿಗುವ ವಿನ್ಯಾಸ ನೋಂದಣಿಯನ್ನು ‘ಅಂತರರಾಷ್ಟ್ರೀಯ ಪೇಟೆಂಟ್’ ಎಂದು ಬರೆಯುವುದು ಇನ್ನೂ ಕೆಟ್ಟದ್ದು. ವಿನ್ಯಾಸ ನೋಂದಣಿ ವಸ್ತುವಿನ ಆಕಾರಕ್ಕೆ ಸಂಬಂಧಿಸಿದ್ದು, ಶೋಧಕ್ಕಲ್ಲ. ಪ್ರತಿ ಪೇಟೆಂಟ್ ಸಾಲಿನಲ್ಲೂ ಅರ್ಜಿ ಸಂಖ್ಯೆ, ಅರ್ಜಿದಾರರು ವಿಶ್ವವಿದ್ಯಾಲಯವೋ ವ್ಯಕ್ತಿಯೋ, ಪರೀಕ್ಷೆಗೆ ಕೋರಿದ ದಿನಾಂಕ, ಈಗಿನ ಸ್ಥಿತಿ ಇಷ್ಟಿರಬೇಕು. ಸರ್ಕಾರ ಅಂಕ ಕೊಡುವುದಾದರೆ ಮಂಜೂರಾದದ್ದಕ್ಕೆ ಕೊಡಲಿ.

ಸಂಖ್ಯೆಗೆ ಹಣ ಕಟ್ಟಿದರೆ ಸಂಖ್ಯೆ ಬೆಳೆಯುತ್ತದೆ, ವಿದ್ಯೆ ಬೆಳೆಯಬೇಕೆಂದಿಲ್ಲ. ಆಸ್ಟ್ರೇಲಿಯಾ 1990ರ ದಶಕದಲ್ಲಿ ಪ್ರಬಂಧಗಳ ಎಣಿಕೆಗೆ ಅನುದಾನ ಜೋಡಿಸಿತು. ಪ್ರಬಂಧಗಳು ಹೆಚ್ಚಿದವು, ಹೆಚ್ಚಿದ್ದು ಬಹುಪಾಲು ಕಡಿಮೆ ಉಲ್ಲೇಖ ಸಿಗುವ ನಿಯತಕಾಲಿಕೆಗಳಲ್ಲಿ. 2016ರಿಂದ ಆ ದೇಶ ಅನುದಾನದ ವರದಿಯಲ್ಲಿ ಪ್ರಕಟಣೆ ಎಣಿಸುವುದನ್ನೇ ಬಿಟ್ಟಿತು. ಈಗ ಅಲ್ಲಿ ವಿಶ್ವವಿದ್ಯಾಲಯಗಳು ಸಂಶೋಧನಾ ಆದಾಯವನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಿ, ಲೆಕ್ಕಪರಿಶೋಧಕರ ಪ್ರಮಾಣಪತ್ರದೊಂದಿಗೆ ಸಲ್ಲಿಸುತ್ತವೆ. ಅದರ ಜೊತೆಗೆ ಸಂಶೋಧನಾ ಪದವಿ ಮುಗಿಸಿದವರ ಸಂಖ್ಯೆ. ಬ್ರಿಟನ್ನಿನ 2021ರ ಸಂಶೋಧನಾ ಮೌಲ್ಯಮಾಪನದಲ್ಲಿ ಒಬ್ಬರಿಂದ ಕನಿಷ್ಠ 1, ಗರಿಷ್ಠ 5 ಕೃತಿಗಳು, ಇಡೀ ಘಟಕದಲ್ಲಿ ತಲಾ ಸರಾಸರಿ 2.5. ಉಳಿದವನ್ನು ಯಾರೂ ಎಣಿಸಲಿಲ್ಲ. ಕೊಟ್ಟವನ್ನು ಆಯಾ ವಿಷಯದ ವಿದ್ವಾಂಸರು ಓದಿದರು. ಅವರ ಪದ್ಧತಿಗೆ ಅವರದೇ ತಾಪತ್ರಯಗಳಿವೆ. ಆದರೆ ಓದುವುದು ಮತ್ತು ಎಣಿಸುವುದು ಬೇರೆ ಎಂಬುದನ್ನು ಅವರು ಒಪ್ಪಿಕೊಂಡಿದ್ದಾರೆ. ನಮ್ಮಲ್ಲೂ 2025ರ ಶ್ರೇಯಾಂಕದಿಂದ, ಪ್ರಕಟವಾದ ಮೇಲೆ ಹಿಂಪಡೆದ ಪ್ರಬಂಧಗಳಿಗೆ ಅಂಕ ಕಳೆಯುವುದು ಶುರುವಾಗಿದೆ. ಹೀಗಾಗಿ ವಿಭಾಗಗಳು ತಮ್ಮ ಹಳೆಯ ಪಟ್ಟಿಯನ್ನೂ ಆಗಾಗ ತಿರುಗಿ ನೋಡಬೇಕು. 2021ರಲ್ಲಿ ಎಣಿಸಿದ್ದು 2024ರಲ್ಲಿ ಹಿಂಪಡೆದಿರಬಹುದು.

ಕನ್ನಡದ ಮಾತು ಇಲ್ಲಿ ಬಾರದೆ ಇರುವುದಿಲ್ಲ. ಶಾಸನವೊಂದನ್ನು ಸ್ಥಳಕ್ಕೆ ಹೋಗಿ ಓದಿ, ಅಚ್ಚು ತೆಗೆದು, ಪಾಠ ನಿರ್ಣಯಿಸಿ ಕನ್ನಡದಲ್ಲಿ ಪ್ರಕಟಿಸಿದ ಬರಹ ಸ್ಕೋಪಸ್‌ನಲ್ಲಿ ಇರುವುದಿಲ್ಲ. ಅದಕ್ಕೆ ಡಿಒಐ ಇರುವುದಿಲ್ಲ. ಎನ್‌ಐಆರ್‌ಎಫ್‌ನ ಪ್ರಕಟಣೆಯ ಎಣಿಕೆಯಲ್ಲಿ ಅದು ಸೊನ್ನೆ. ನ್ಯಾಕ್‌ನಲ್ಲಿ ಯುಜಿಸಿ ಪಟ್ಟಿಯ ನಿಯತಕಾಲಿಕೆ ಎಂಬ ಒಂದು ಬಾಗಿಲಿತ್ತು. 2018ರಲ್ಲಿ ಯುಜಿಸಿ ತನ್ನ ಪಟ್ಟಿಯಿಂದ 4,305 ನಿಯತಕಾಲಿಕೆಗಳನ್ನು ತೆಗೆಯಿತು, ಮರುವರ್ಷ ಯೋಗ್ಯ ನಿಯತಕಾಲಿಕೆಗಳ ‘ಕೇರ್’ ಪಟ್ಟಿ ತಂದಿತು, 2025ರ ಫೆಬ್ರವರಿಯಲ್ಲಿ ಅದನ್ನೂ ನಿಲ್ಲಿಸಿ, ನಿಯತಕಾಲಿಕೆಯ ಯೋಗ್ಯತೆಯನ್ನು ಸಂಸ್ಥೆಗಳೇ ನಿರ್ಣಯಿಸಲಿ ಎಂದಿತು. ಹಾಗಾದರೆ ಕನ್ನಡ, ಇತಿಹಾಸ, ಜಾನಪದ ವಿಭಾಗಗಳಿಗೆ ಆ ಕೆಲಸ ಯಾರು ಮಾಡಬೇಕು? ಒಂದೊಂದು ವಿಶ್ವವಿದ್ಯಾಲಯ ಒಂದೊಂದು ಪಟ್ಟಿ ಮಾಡಿದರೆ ಮತ್ತೆ ಅದೇ ಗೊಂದಲ. ರಾಜ್ಯದ ವಿಶ್ವವಿದ್ಯಾಲಯಗಳೆಲ್ಲ ಕೂಡಿ ಒಂದೇ ಪಟ್ಟಿ ಮಾಡಬೇಕು: ಸಂಪಾದಕ ಮಂಡಳಿ ಯಾರು, ಬರಹ ಹೊರಗಿನ ವಿದ್ವಾಂಸರಿಗೆ ಓದಲು ಹೋಗುತ್ತದೆಯೇ, ನಿಯತಕಾಲಿಕೆಯ ಗುರುತುಸಂಖ್ಯೆಯಾದ ಐಎಸ್‌ಎಸ್‌ಎನ್ ನಿಜವೇ, ಸಂಚಿಕೆ ನಿಗದಿತ ಕಾಲಕ್ಕೆ ಬರುತ್ತದೆಯೇ, ಪ್ರಕಟಣೆಗೆ ಹಣ ಕೇಳುತ್ತಾರೆಯೇ ಎಂಬುದನ್ನೆಲ್ಲ ನೋಡಿ. ಕನ್ನಡ ಪುಸ್ತಕ, ಬರಹಗಳ ಶೀರ್ಷಿಕೆಯನ್ನು ದಾಖಲೆಯಲ್ಲಿ ಕನ್ನಡ ಲಿಪಿಯಲ್ಲೇ ಇಡಬೇಕು. ಒಂದೇ ಹೆಸರನ್ನು ಮೂವರು ಮೂರು ಬಗೆಯ ಇಂಗ್ಲಿಷ್ ಕಾಗುಣಿತದಲ್ಲಿ ಬರೆದು ಒಂದು ಪುಸ್ತಕ ಮೂರಾಗುವುದು ಅದರಿಂದ ತಪ್ಪುತ್ತದೆ. ಪುಸ್ತಕದ ಗುರುತಾದ ಹದಿಮೂರು ಅಂಕಿಯ ಐಎಸ್‌ಬಿಎನ್ ಜೊತೆಗಿದ್ದರೆ ತಾಳೆ ಸುಲಭ.

ಈಗ ಏನು ಮಾಡಬೇಕು ಎಂಬುದು. ಪ್ರವೇಶ, ಪರೀಕ್ಷೆ, ಅಂಕಪಟ್ಟಿಗೆ ರಾಜ್ಯವು ಯುಯುಸಿಎಂಎಸ್ ಎಂಬ ಏಕೀಕೃತ ತಂತ್ರಾಂಶ ತಂದಿದೆ. ಸಂಶೋಧನೆಗೂ ಒಂದು ಸಮಾನ ದಾಖಲೆ ಬೇಕು. ಹೊಸ ತಂತ್ರಾಂಶ ಕೊಳ್ಳುವ ಟೆಂಡರಿಗೆ ಹೋಗಬೇಕಾಗಿಲ್ಲ. ವಿಶ್ವವಿದ್ಯಾಲಯ ಗ್ರಂಥಾಲಯಗಳ ಜಾಲವಾದ, ಗುಜರಾತಿನ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ಐರಿನ್ಸ್ ಎಂಬ ವ್ಯವಸ್ಥೆಯನ್ನು ವಿಶ್ವವಿದ್ಯಾಲಯಗಳಿಗೆ ಉಚಿತವಾಗಿ ಕೊಡುತ್ತದೆ. ಬೋಧಕರ ಪ್ರಕಟಣೆಗಳನ್ನು ಅದು ದತ್ತಕೋಶಗಳಿಂದ ತಾನೇ ಎಳೆದುಕೊಳ್ಳುತ್ತದೆ. ಕನ್ನಡದ ಬರಹಗಳನ್ನು ಕೈಯಿಂದ ಸೇರಿಸಬೇಕು. ಕೊರತೆ ಇರುವುದು ಜನರದ್ದು. ಪ್ರತಿ ವಿಶ್ವವಿದ್ಯಾಲಯದಲ್ಲೂ ಗ್ರಂಥಾಲಯದವರೊಬ್ಬರು, ಹಣಕಾಸು ವಿಭಾಗದವರೊಬ್ಬರು, ಪರೀಕ್ಷಾಂಗದವರೊಬ್ಬರು ಸೇರಿದ ಮೂವರ ಕಾಯಂ ಘಟಕ ಸಾಕು. ಈಗ ನೋಡಲ್ ಅಧಿಕಾರಿಯೆಂದು ಹೆಸರಿಸುವುದು ಪಾಠದ ಹೊರೆ ಇರುವ ಅಧ್ಯಾಪಕರನ್ನು. ಎರಡು ವರ್ಷದಲ್ಲಿ ಅವರು ಕೆಲಸ ಕಲಿಯುವಷ್ಟರಲ್ಲಿ ಬೇರೆಯವರು ಬರುತ್ತಾರೆ. ಹಳೆಯ ಕಡತಗಳು ಅವರ ಸ್ವಂತ ಲ್ಯಾಪ್‌ಟಾಪಿನಲ್ಲೇ ಉಳಿಯುತ್ತವೆ.

ಪ್ರತಿ ತಿಂಗಳ 5ನೇ ತಾರೀಕಿನೊಳಗೆ ಹಿಂದಿನ ತಿಂಗಳ ಪ್ರಬಂಧ, ಜಮೆಯಾದ ಕಂತು, ಪಿಎಚ್.ಡಿ. ಅಧಿಸೂಚನೆ, ಪೇಟೆಂಟ್ ಸ್ಥಿತಿ ದಾಖಲಾಗಲಿ. ವರ್ಷದ ಕೊನೆಗೆ ಒಂದು ದಿನ ನಿಗದಿ ಮಾಡಿ ದಾಖಲೆಗೆ ಬೀಗ ಹಾಕಲಿ. ಆಮೇಲೆ ಎನ್‌ಐಆರ್‌ಎಫ್ ಕೇಳಲಿ, ನ್ಯಾಕ್ ಕೇಳಲಿ, ಸಮೀಕ್ಷೆಯವರು ಕೇಳಲಿ, ಆ ಒಂದೇ ದಾಖಲೆಯಿಂದ ಆಯಾ ವರ್ಷದ ಗಡಿಗೆ ತಕ್ಕಂತೆ ತೆಗೆದು ಕೊಡಬೇಕು. ಪ್ರತಿ ಸಾಲಿಗೂ ದಿನಾಂಕ ಇದ್ದರೆ ಆರ್ಥಿಕ ವರ್ಷ, ಕ್ಯಾಲೆಂಡರ್ ವರ್ಷ, ಶೈಕ್ಷಣಿಕ ವರ್ಷ ಮೂರನ್ನೂ ಯಂತ್ರವೇ ಬೇರ್ಪಡಿಸುತ್ತದೆ. ಬೀಗ ಹಾಕಿದ ಮೇಲೆ ತಿದ್ದಬೇಕಾದರೆ ಯಾರು, ಏಕೆ ತಿದ್ದಿದರು ಎಂಬ ಟಿಪ್ಪಣಿ ಇರಲಿ. ಸಲ್ಲಿಸುವ ಮೊದಲು ಪಟ್ಟಿಯಿಂದ ಹತ್ತು ಸಾಲು ಲಾಟರಿಯಂತೆ ಎತ್ತಿ ಮೂಲ ದಾಖಲೆಯೊಂದಿಗೆ ಹೋಲಿಸಲಿ. ಹತ್ತರಲ್ಲಿ ಎರಡು ತಪ್ಪಿದ್ದರೆ ಇಡೀ ಪಟ್ಟಿ ವಾಪಸ್.

ನ್ಯಾಕ್ ಈಗ ಶ್ರೇಣಿಗಳನ್ನು ಬಿಟ್ಟು ‘ಮಾನ್ಯತೆ ಇದೆ ಅಥವಾ ಇಲ್ಲ’ ಎಂಬ ಪದ್ಧತಿಯತ್ತ ಹೊರಳುತ್ತಿದೆ. ಡಾ. ಕೆ. ರಾಧಾಕೃಷ್ಣನ್ ಸಮಿತಿಯ ಶಿಫಾರಸಿನಂತೆ, ಎಲ್ಲ ಸಂಸ್ಥೆಗಳೂ ಮಾಹಿತಿಯನ್ನು ಒಂದೇ ರಾಷ್ಟ್ರೀಯ ಪೋರ್ಟಲ್‌ಗೆ ಒಮ್ಮೆ ಮಾತ್ರ ಕೊಡುವ ವ್ಯವಸ್ಥೆ ಬರಲಿದೆ. ಒಳ್ಳೆಯದೇ. ಆದರೆ ಆ ದಿನ ಬಂದಾಗ ಒಂದು ಕಡೆ ಕೊಟ್ಟ ತಪ್ಪು ಎಲ್ಲ ಕಡೆಗೂ ಹೋಗುತ್ತದೆ. ಇಂದು ಎರಡು ಕಡತ ಪಕ್ಕಪಕ್ಕ ಇಟ್ಟು ತಪ್ಪು ಹಿಡಿಯುವ ಅವಕಾಶವೂ ಆಗ ಇರುವುದಿಲ್ಲ.

ನ್ಯಾಕ್ ಕಚೇರಿ ಇರುವುದು ನಮ್ಮ ನಾಗರಬಾವಿಯಲ್ಲಿ, ಜ್ಞಾನಭಾರತಿಗೆ ಅಂಟಿಕೊಂಡಂತೆ. ಕರ್ನಾಟಕ ರಾಜ್ಯ ಉನ್ನತ ಶಿಕ್ಷಣ ಪರಿಷತ್ತೂ ಇದೇ ಊರಿನಲ್ಲಿದೆ. ಪರಿಷತ್ತು ಎಲ್ಲ ವಿಶ್ವವಿದ್ಯಾಲಯಗಳ ಹಣಕಾಸು ಅಧಿಕಾರಿಗಳು, ಗ್ರಂಥಪಾಲಕರು, ಕುಲಸಚಿವರನ್ನು ಎರಡು ದಿನ ಕೂರಿಸಿ, ಪೂರ್ಣಾವಧಿ ಬೋಧಕ ಎಂದರೆ ಯಾರು, ಸ್ವೀಕರಿಸಿದ ಅನುದಾನ ಎಂದರೆ ಯಾವುದು, ಪ್ರಬಂಧದ ದಿನಾಂಕ ಯಾವುದು, ಪಿಎಚ್.ಡಿ.ಯ ದಿನಾಂಕ ಯಾವುದು ಎಂಬ ನಾಲ್ಕು ಪುಟದ ವ್ಯಾಖ್ಯೆಯನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹೊರಡಿಸಲಿ ಎಂದು ಕೋರುತ್ತೇವೆ. ಏಪ್ರಿಲ್ 1ಕ್ಕೆ ಆರ್ಥಿಕ ವರ್ಷ ತೆರೆಯುವ ಮೊದಲು ಅದು ವಿಭಾಗಗಳ ಮೇಜಿನ ಮೇಲಿದ್ದರೆ, ಮುಂದಿನ ಸಲ್ಲಿಕೆಯ ಅನುದಾನದ ಕಾಲಂ ಮೊದಲ ಕಂತಿನಿಂದಲೇ ಸರಿಯಾಗಿ ತುಂಬುತ್ತಾ ಹೋಗುತ್ತದೆ.

— ವಿಶ್ವವಿದ್ಯಾಲಯಗಳ ಆಂತರಿಕ ಗುಣಮಟ್ಟ ಭರವಸೆ ಘಟಕ ಹಾಗೂ ಗ್ರಂಥಾಲಯಗಳಲ್ಲಿ ದುಡಿಯುವ ಕೆಲವರು, ಬೆಂಗಳೂರು